ಈವೊನ ಪಾಲಿನ ನೀರು

ಮಕ್ಕಳ ಹೆಸರನ್ನು ಪ್ರಯೋಗಾಲಯದೊಳಗೆ ಎತ್ತಬಾರದು ಎಂಬ ನಿಯಮವನ್ನು ಮಿಲಾನಿನ ಆ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುತ್ತಾರೆ. ಎರಡನೆಯ ದಿನದಿಂದ ಎಲ್ಲರೂ ಅದನ್ನು ಮುರಿಯುತ್ತಾರೆ. ಬಾಟಲಿಗಳ ಮೇಲೆ ಅಂಕಿ ಮಾತ್ರ ಇರುತ್ತದೆ, ನಿಜ. ಆದರೆ ದಿನ ಬಿಟ್ಟು ದಿನ ಹೊಟ್ಟೆಗೆ ಹಾಕಿ, ಬೆಚ್ಚಗಿಟ್ಟು, ಬೆಳೆದಿದೆಯೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುವ ಜೀವವನ್ನು ಅಂಕಿಯಿಂದ ಕರೆಯಲು ಯಾರ ನಾಲಿಗೆಯೂ ಹೊರಳುವುದಿಲ್ಲ. "ಈವೊ ಇವತ್ತು ಯಾಕೋ ಮಂಕಾಗಿದಾನೆ" ಎನ್ನುತ್ತಾರೆ. "ಈವೊಗೆ ಊಟ ಹಾಕಿದ್ಯಾ?" ಎಂದು ಕೇಳುತ್ತಾರೆ. ಈ ಈವೊ ಎಂದರೆ ಬೆರ್ಗಮೊ ಕಡೆಯ ಕಣಿವೆಯ ಒಬ್ಬ ಹುಡುಗನ ತೋಳಿನಿಂದ ತೆಗೆದ ಬೇಳೆಯಷ್ಟು ಚರ್ಮ, ಮತ್ತು ಅದರಿಂದ ಬೆಳೆದುಕೊಂಡು ಬಂದ ಜೀವಕೋಶಗಳು. ಹುಡುಗ ತೀರಿಕೊಂಡು ಇಪ್ಪತ್ತು ವರ್ಷದ ಹತ್ತಿರ ಆಗಿತ್ತು.

ಆ ಹೆಸರನ್ನು ಒಳಗೆ ತಂದವಳು ಓರ್ನೆಲ್ಲಾ. ಆಗ ಅವಳಿಗೆ ಮೂವತ್ತು ತುಂಬಿರಲಿಲ್ಲ, ಕೆಲಸ ಖಾಯಂ ಆಗಿರಲಿಲ್ಲ, ವರ್ಷ ವರ್ಷಕ್ಕೂ ಗುತ್ತಿಗೆ ನವೀಕರಿಸಿಕೊಂಡು ದುಡಿಯುತ್ತಿದ್ದಳು. ಜೊತೆಯವರು ಬೋಸ್ಟನ್ನಿಗೋ ಔಷಧದ ಕಂಪನಿಗಳಿಗೋ ಹೋಗಿ ಮನೆ ಮಠ ಮಾಡಿಕೊಂಡರು. ಇವಳು ಅದೇ ಬೆಂಚಿನ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡಳು. "ಲಕ್ಷಕ್ಕೊಂದು ಮಗುವಿಗೆ ಬರೋ ಕಾಯಿಲೆ ಹಿಡ್ಕೊಂಡು ಕೂತಿದೀಯಲ್ಲೇ, ನೆಗಡಿಗೆ ಮದ್ದು ಹುಡುಕಿದ್ರೆ ಇಷ್ಟೊತ್ತಿಗೆ ಕೋಮೊ ಸರೋವರದ ದಂಡೇಲಿ ಬಂಗಲೆ ಇರ್ತಿತ್ತು" ಎಂದು ಅವಳ ತಾಯಿ ಸಾಯುವವರೆಗೂ ಹಂಗಿಸಿದಳು.

ಆ ಕಾಯಿಲೆ ಹೊಂಚು ಹಾಕಿ ಬರುವಂಥದ್ದು. ಮಗು ಹುಟ್ಟುವಾಗ ಗುಂಡುಗುಂಡಗೆ ಚೆನ್ನಾಗಿಯೇ ಇರುತ್ತದೆ. ನಡೆಯಲು ಕಲಿಯುತ್ತದೆ, ತೊದಲು ಮಾತಾಡುತ್ತದೆ. ಆಮೇಲೆ ಒಂದು ದಿನ ಎಡವುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ವಂಶವಾಹಿ ಬಂದು, ಮೈಯೊಳಗಿನ ಕಸ ತೆಗೆಯುವ ಕಿಣ್ವವೊಂದು ಇಲ್ಲದೆ ಹೋಗಿ, ನರಗಳ ಹೊದಿಕೆ ಕರಗುತ್ತಾ ಹೋಗುತ್ತದೆ. ನಡಿಗೆ, ಮಾತು, ನುಂಗುವುದು, ಕಡೆಗೆ ಕಣ್ಣು. ಓರ್ನೆಲ್ಲಾ ಮತ್ತು ಜೊತೆಯವರು ಇದಕ್ಕೆ ಕಂಡುಕೊಂಡ ಮದ್ದೆಂದರೆ ಮಗುವಿನ ಮಜ್ಜೆಯ ಕೋಶಗಳನ್ನು ಹೊರತೆಗೆದು, ವಿಷ ಕಿತ್ತ ವೈರಸ್ಸಿನ ಬೆನ್ನ ಮೇಲೆ ಸರಿಯಾದ ವಂಶವಾಹಿ ಹೊರಿಸಿ ಅವುಗಳೊಳಗೆ ಕಳಿಸಿ, ತಿರುಗಿ ಮಗುವಿನ ಮೈಗೇ ಸೇರಿಸುವುದು. ಆದರೆ ಅದು ಫಲಿಸುವುದು ಮಗು ಎಡವುವ ಮೊದಲು ಕೊಟ್ಟರೆ ಮಾತ್ರ. ಎಡವುವ ಮೊದಲೇ ಕಾಯಿಲೆ ಇದೆಯೆಂದು ಗೊತ್ತಾಗುವುದು ಹೆಚ್ಚಾಗಿ ಆ ಮಗುವಿನ ಅಣ್ಣನೋ ಅಕ್ಕನೋ ಆಗಲೇ ಎಡವಿದ್ದರೆ. ಹಾಗಾಗಿ ಅಲ್ಲಿಗೆ ಬರುವ ಮನೆಗಳಲ್ಲಿ ಒಂದು ಮಗು ಉಳಿಯುತ್ತದೆ, ಒಂದು ಉಳಿಯುವುದಿಲ್ಲ. ಇದಕ್ಕಿಂತ ಕ್ರೂರವಾದ ಏರ್ಪಾಡು ಇನ್ನೊಂದಿಲ್ಲ.

ಈವೊ ಒಬ್ಬನೇ ಮಗ. ಅವನ ಕಾಲಕ್ಕೆ ಮದ್ದಿನ್ನೂ ಇಲಿಗಳನ್ನು ದಾಟಿರಲಿಲ್ಲ. ಅವನ ತಾಯಿ ಡೆಲ್ಫೀನಾ ಮಗ ಹೋದ ಮೇಲೂ ಅಲ್ಲಿಗೆ ಬರುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಬಸ್ಸು, ರೈಲು, ಮೆಟ್ರೊ ಹಿಡಿದು ಕಣಿವೆಯಿಂದ ಇಳಿದು ಬಂದು, ಹೊಸದಾಗಿ ಬಂದ ತಂದೆತಾಯಿಯರ ಪಕ್ಕದಲ್ಲಿ ಕೂರುತ್ತಿದ್ದಳು. ಬಂದಾಗಲೆಲ್ಲ ಓರ್ನೆಲ್ಲಾಳಿಗೆ ಯಂತ್ರದ ಕಾಫಿ ಕುಡಿಯಲು ಬಿಡದೆ ಕೆಳಗಿನ ಅಂಗಡಿಯಿಂದ ತರುತ್ತಿದ್ದಳು. ಇಬ್ಬರೂ ಒಟ್ಟಿಗೆ ಮುದುಕಿಯರಾಗುತ್ತಿದ್ದರು. ಮಗನ ಚರ್ಮದ ಚೂರು ಏನಾಯಿತೆಂದು ಅವಳು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ.

ಆ ಅಕ್ಟೋಬರಿನಲ್ಲಿ ನೊಯೆಮಿ ಎಂಬ ಮಗುವಿಗಾಗಿ ವಂಶವಾಹಿ ಹೊರುವ ವೈರಸ್ಸಿನ ಹೊಸ ಕಂತು ತಯಾರಾಗಿತ್ತು. ಯಾವ ಕಂತನ್ನೂ ಮಗುವಿಗೆ ಬಳಸುವ ಮೊದಲು ರೋಗದ ಕೋಶಗಳ ಮೇಲೆ ಎರಡು ಸಲ ಪರೀಕ್ಷಿಸಬೇಕು. ಆ ರೋಗದ ಕೋಶಗಳು ಈವೊನವು. ಮೊದಲನೆಯ ಪರೀಕ್ಷೆಯ ಬಟ್ಟಲಿನಲ್ಲಿ, ಕಿಣ್ವ ಕೆಲಸ ಮಾಡುತ್ತಿದೆ ಎಂಬ ಗುರುತಾಗಿ, ಬಣ್ಣ ತಿರುಗಿತು. ಕಿರಿಯ ಸಂಶೋಧಕಿ ಲುಡೊವೀಕಾ, ಡಿಸೆಂಬರಿಗೆ ಗುತ್ತಿಗೆ ಮುಗಿಯುತ್ತದೆಂದು ತಿಂಗಳಿಂದ ಮುಖ ಸಣ್ಣಗೆ ಮಾಡಿಕೊಂಡಿದ್ದವಳು, ಖುಷಿ ತಡೆಯಲಾರದೆ ಬಾಗಿಲು ತೆರೆದು ಹೊರಗೆ ತಲೆ ಹಾಕಿದಳು.

"ಓರ್ನೆಲ್ಲಾ, ಈವೊ ವಾಸಿಯಾಗಿದಾನೆ. ಪೂರ್ತಿ. ಗಟ್ಟಿಮುಟ್ಟಾದ ಹುಡುಗನ ಥರಾನೇ."

ಓರ್ನೆಲ್ಲಾ ಕಾರಿಡಾರಿನಲ್ಲೇ ಇದ್ದಳು. ಅವಳ ಎದುರಿಗೆ ಕಾಫಿಯ ತಟ್ಟೆ ಹಿಡಿದು ಡೆಲ್ಫೀನಾ ನಿಂತಿದ್ದಳು.

ಸಿನಿಮಾದಲ್ಲಾಗಿದ್ದರೆ ತಟ್ಟೆ ಬಿದ್ದು ಚೂರಾಗುತ್ತಿತ್ತು. ಡೆಲ್ಫೀನಾ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

"ಯಾವ ಈವೊ?" ಎಂದಳು.

ಲುಡೊವೀಕಾಳಿಗೆ ಅವಳು ಯಾರೆಂದು ಗೊತ್ತಿತ್ತು, ಈವೊ ಯಾರ ಮಗನೆಂದು ಗೊತ್ತಿರಲಿಲ್ಲ. ಓರ್ನೆಲ್ಲಾಳ ಮುಖ ನೋಡಿ ಗೊತ್ತಾಯಿತು. ಹುಡುಗಿ ಬಾಗಿಲು ಮುಚ್ಚಿಕೊಂಡು ಒಳಗೆ ಹೋಗಿ ಅತ್ತಳು.

"ಯಾವ ಈವೊ ಅಂತ ಕೇಳಿದೆ ಕಣೆ."

"ನಿನ್ನ ಈವೊನೇ," ಎಂದಳು ಓರ್ನೆಲ್ಲಾ. "ಅವನ ಚರ್ಮ ತೆಗ್ದಿದ್ವಲ್ಲ. ಅದು ಬೆಳೀತಾನೇ ಇದೆ."

"ತೋರ್ಸು."

ಓರ್ನೆಲ್ಲಾ ತೋರಿಸಿದಳು. ಸೂಕ್ಷ್ಮದರ್ಶಕದ ಮುಂದಿನ ಸ್ಟೂಲನ್ನು ತಗ್ಗಿಸಿ, ಕೂರಿಸಿ, ಬಟ್ಟಲನ್ನು ಬೆಳಕಿಗೆ ಇಟ್ಟಳು. ಡೆಲ್ಫೀನಾ ಬಹಳ ಹೊತ್ತು ಕಣ್ಣೆತ್ತಲಿಲ್ಲ. ಆ ಕೋಶಗಳು ಉದ್ದುದ್ದ ಎಳೆಯಾಗಿ, ಒಂದರ ಮಗ್ಗುಲಿಗೆ ಒಂದು, ಎಲ್ಲ ಒಂದೇ ಕಡೆಗೆ ಮಲಗಿದ್ದವು. ಬಾಚಿದ ಕೂದಲಿನ ಹಾಗೆ ಕಾಣುತ್ತಿದ್ದವು.

"ಇವನ ತಲೆ ಬಾಚೋದಂದ್ರೆ ಯುದ್ಧ ಆಗ್ತಿತ್ತು," ಎಂದಳು ಡೆಲ್ಫೀನಾ, ಕಣ್ಣು ಅಲ್ಲೇ ಇಟ್ಟುಕೊಂಡು. "ಇದು ಕಾಯಿಲೆ ಇರೋ ಈವೊನೋ, ವಾಸಿಯಾದೋನೋ?"

"ಇದು ಮದ್ದು ಕೊಟ್ಟಿದ್ದು. ಪಕ್ಕದ್ದು ಕೊಡದೇ ಇರೋದು. ಎರಡನ್ನೂ ಹೋಲಿಸಿ ನೋಡ್ತೀವಿ."

"ವಾಸಿಯಾದ್ಮೇಲೆ ಏನ್ಮಾಡ್ತೀರ?"

ಓರ್ನೆಲ್ಲಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮಾರನೇ ದಿನ ಬ್ಲೀಚ್ ಹಾಕಿ ಚೆಲ್ಲಿಬಿಡ್ತೀವಿ. ನಿಯಮ ಹಾಗಿದೆ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ ಡೆಲ್ಫೀನಾ. ಪ್ರತಿ ಮಗುವಿನ ಕಂತಿಗೂ. ವರ್ಷಗಟ್ಟಲೆ."

"ಅಂದ್ರೆ ನನ್ನ ಮಗ ನೂರಾರು ಸಲ ವಾಸಿಯಾಗಿದಾನೆ," ಎಂದಳು ಡೆಲ್ಫೀನಾ. "ನಾನು ಒಂದ್ಸಲಾನೂ ನೋಡ್ಲಿಲ್ಲ. ಅವನಿಗೆ ಗೊತ್ತಾಗುತ್ತಾ, ವಾಸಿಯಾಯ್ತು ಅಂತ?"

"ಇಲ್ಲ. ಅದು ಅವನಲ್ಲ. ಚರ್ಮದ ಕೋಶ ಅಷ್ಟೆ."

"ಹಾಗಾದ್ರೆ ಹೆಸರು ಹಿಡಿದು ಯಾಕೆ ಕರೀತೀರ?"

 ಓರ್ನೆಲ್ಲಾ ಬಟ್ಟಲುಗಳನ್ನು ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಗೆ ತಿರುಗಿ ಇಟ್ಟಳು. ಡೆಲ್ಫೀನಾ ಕೋಟು ಹಾಕಿಕೊಂಡಳು, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಬಾಗಿಲ ಹತ್ತಿರ ನಿಂತು ಹೇಳಿದಳು:

"ಸತ್ತವರ ಹಬ್ಬದ ಹಿಂದಿನ ರಾತ್ರಿ ನಮ್ಮ ಕಣಿವೇಲಿ ನೀರಿಡ್ತೀವಿ, ನಿಂಗೆ ಗೊತ್ತು. ಹೋದವರು ಅಷ್ಟು ದೂರ ನಡ್ಕೊಂಡು ಮನೆಗೆ ಬಂದಿರ್ತಾರೆ, ಬಾಯಾರಿರುತ್ತೆ. ನಮ್ಮಜ್ಜಿಗೆ, ನಮ್ಮಪ್ಪನಿಗೆ ಒಂದೊಂದು ಲೋಟ. ಈವೊಗೆ ಮಾತ್ರ ಒಂದು ಬಕೆಟ್ಟು. ಕಡೇ ವರ್ಷ ಅವನು ಒಂದು ಗುಟುಕು ನೀರು ನುಂಗೋಕಾಗದೇ ಒದ್ದಾಡಿದೋನು. ಬೆಳಿಗ್ಗೆ ಎದ್ದು ನೋಡಿದ್ರೆ ಬಕೆಟ್ಟು ಹಾಗೇ ಇರುತ್ತೆ. ನನ್ನ ಗಂಡ ಬತ್ತಿಸ್ತಾ, ಪಾಪ, ಒಂದು ಬೆರಳಷ್ಟು ಇಳಿದಿದೆ ನೋಡೇ ಅಂತಾನೆ. ಇಳಿದಿರಲ್ಲ. ಯಾಕೆ ಬರಲ್ಲ ಈ ಹುಡುಗ, ನನ್ನ ಮೇಲೆ ಕೋಪಾನಾ ಅಂತ ಇಷ್ಟು ವರ್ಷ ಅಂದ್ಕೊಂಡೆ. ಇವನು ಇಲ್ಲಿದಾನೆ. ನೀವು ಹಿಡ್ಕೊಂಡಿದೀರ."

"ಡೆಲ್ಫೀನಾ."

"ಬಿಟ್ಟುಬಿಡಿ ಅವನನ್ನ. ಹಬ್ಬದೊಳಗೆ. ಅವನಮ್ಮ ನಾನು, ನನ್ನ ಮಾತು ನಡೀಬೇಕು ತಾನೆ."

ನಡೆಯಲೇಬೇಕಿತ್ತು. ತಾಯಿ ಬೇಡವೆಂದರೆ ಕೋಶಗಳನ್ನು ನಾಶ ಮಾಡಬೇಕೆಂಬುದು ಕಾನೂನು. ಕಿಟಕಿಯ ಕಟ್ಟೆಯ ಮೇಲಿದ್ದ ಕಾಫಿಯನ್ನು ಆ ದಿನ ಯಾರೂ ಕುಡಿಯಲಿಲ್ಲ.

ಕಷ್ಟವೇನೆಂದರೆ ಈವೊ ಮುಗಿಯುತ್ತಾ ಬಂದಿದ್ದ. ಚರ್ಮದ ಕೋಶಗಳು ಇಷ್ಟು ಸಲ ಇಬ್ಭಾಗವಾದ ಮೇಲೆ ಸುಸ್ತಾಗಿ ನಿಂತುಬಿಡುತ್ತವೆ. ದ್ರವ ಸಾರಜನಕದ ಚಳಿಯಲ್ಲಿ ಅವನ ಎರಡೇ ಕೊಳವೆಗಳು ಉಳಿದಿದ್ದವು. ಅದರಲ್ಲಿ ಒಂದು ನೊಯೆಮಿಯ ಎರಡನೆಯ ಪರೀಕ್ಷೆಗೆ ಬೇಕು. ಬೇರೆ ಮಗುವಿನ ಕೋಶಗಳನ್ನು ಬೆಳೆಸಿ, ಅಳತೆಗೋಲೆಂದು ಒಪ್ಪಿಗೆ ಪಡೆಯುವ ಹೊತ್ತಿಗೆ ಮುಂದಿನ ಬೇಸಿಗೆ. ನೊಯೆಮಿಯ ಅಣ್ಣ ರೊಕ್ಕೊ ಯಾವ ವಯಸ್ಸಿಗೆ ಎಡವಿದನೋ ಆ ವಯಸ್ಸು ಅವಳಿಗೆ ಚಳಿಗಾಲ ಮುಗಿಯುವ ಮೊದಲೇ ಬರುತ್ತಿತ್ತು.

ವಿಭಾಗದ ಮುಖ್ಯಸ್ಥ ಸೊರ್ಮಾನಿ ಕೆಟ್ಟವನಲ್ಲ. ಆದರೆ ಮೂವತ್ತು ವರ್ಷ ಸಚಿವಾಲಯದವರ ಜೊತೆ ಹಗ್ಗಜಗ್ಗಾಟ ಆಡಿ ಅವನಿಗೆ ಎಲ್ಲ ಗೆಲ್ಲುವ ಆಟವಾಗಿಯೇ ಕಾಣುತ್ತಿತ್ತು.

"ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ," ಎಂದ. "ಆ ಮಗುನ ತಗೊಂಡು ಹೋಗಿ ಅವರ ತೊಡೆ ಮೇಲೆ ಕೂರಿಸಿ. ಬಾಯಿ ಬಿಡೋದೇ ಬೇಡ."

"ಅದು ನನ್ನ ಕೈಲಾಗಲ್ಲ, ಪ್ರೊಫೆಸರ್."

"ಯಾಕಾಗಲ್ಲ? ಸತ್ಯ ತಾನೆ?"

"ಸತ್ಯಾನೇ. ಸತ್ತ ಮಗನ ಕತ್ತು ಹಿಡಿದು ತಾಯಿನ ಹೆದರಿಸೋ ಸತ್ಯ. ಮಗು ತೊಡೆ ಮೇಲಿದ್ರೆ ಅವರು ಬೇಡ ಅನ್ನೋ ಹಾಗೇ ಇಲ್ಲ, ಅಲ್ವಾ? ಹಾಗಾದ್ರೆ ಅವರನ್ನ ಕೇಳೋದಾದ್ರೂ ಯಾಕೆ?"

ಸೊರ್ಮಾನಿ ಕನ್ನಡಕ ತೆಗೆದು ಒರೆಸಿದ. "ಆಯ್ತಮ್ಮ. ನಿಮ್ಮ ಮಾನ ಉಳೀಲಿ. ನೊಯೆಮಿ ಎಡವಿದ ದಿನ ಅವಳಪ್ಪನಿಗೆ ನೀವೇ ಹೋಗಿ ಹೇಳಿ."

ಆ ಮಾತು ನಾಟಿತು. ಅವತ್ತಿನಿಂದ ಓರ್ನೆಲ್ಲಾಳಿಗೆ ಪ್ರಯೋಗಾಲಯದಲ್ಲಿ ಒಬ್ಬಳೇ ಇರುವುದು ಕಷ್ಟವಾಯಿತು. ಅವಳು ಚರ್ಚಿಗೆ ಹೋಗುವವಳಲ್ಲ, ದೆವ್ವ ಭೂತ ನಂಬುವವಳಲ್ಲ. ಆದರೂ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದಾಗ ಮಣಿಕಟ್ಟಿನ ಮೇಲೆ ಬಡಿಯುವ ಬಿಸಿ ತೇವದ ಗಾಳಿ ಈಗ ಮಗುವಿನ ಉಸಿರಿನ ಹಾಗೆ ತಾಗುತ್ತಿತ್ತು. ಯಂತ್ರ ಗುಂಯ್‌ಗುಟ್ಟುವುದು ನಿಂತು ಶುರುವಾಗುವ ನಡುವಿನ ಮೌನದಲ್ಲಿ ಯಾರೋ ಗುಟುಕರಿಸಲು ಕಷ್ಟಪಟ್ಟ ಸದ್ದು ಕೇಳಿದಂತಾಗಿ ಎರಡು ಸಲ ತಿರುಗಿ ನೋಡಿದಳು. ಬಟ್ಟಲಿನಲ್ಲಿ ಕೋಶಗಳ ಊಟವಾದ ಹಳೆಯ ಗುಲಾಬಿ ದ್ರವ ಹೀರಿ ಹೊಸದನ್ನು ಹಾಕುವಾಗ, ಇಷ್ಟು ವರ್ಷ ಇವನಿಗೆ ಕುಡಿಸಿದವಳು ನಾನೇ ಎಂಬ ಯೋಚನೆ ಬಂತು. ಮೊದಲ ಪರೀಕ್ಷೆಯ ಬಟ್ಟಲುಗಳಿಗೆ ಬ್ಲೀಚ್ ಸುರಿಯಲು ಆಗದೆ ಲುಡೊವೀಕಾಳನ್ನು ಕರೆದಳು. ಅವಳೂ ಮುಖ ತಿರುಗಿಸಿಕೊಂಡು ಸುರಿದಳು.

ಮುಂದಿನ ವಾರ ಡೆಲ್ಫೀನಾ ಬಂದಳು, ಪ್ರಯೋಗಾಲಯದ ಕಡೆಗೆ ಬರಲಿಲ್ಲ. ಮಕ್ಕಳ ವಾರ್ಡಿನ ಗಾಜಿನ ಆಚೆಯಿಂದ ಓರ್ನೆಲ್ಲಾ ಅವಳನ್ನು ಕಂಡಳು. ದಕ್ಷಿಣದ ಪುಲಿಯಾದಿಂದ ಬಂದ ನೊಯೆಮಿಯ ತಂದೆತಾಯಿಯರ ಜೊತೆ ಕೂತಿದ್ದಳು. ನೊಯೆಮಿ ನೆಲದ ಮೇಲೆ ಅಂಬೆಗಾಲಿಟ್ಟು ಡೆಲ್ಫೀನಾಳ ಬೂಟಿನ ದಾರ ಎಳೆಯುತ್ತಿದ್ದಳು. ಡೆಲ್ಫೀನಾ ಅವಳನ್ನು ನೋಡುತ್ತಲೂ ಇರಲಿಲ್ಲ. ರೊಕ್ಕೊನ ತಲೆಯನ್ನು ತನ್ನ ಮೊಣಕೈ ಮೇಲೆ ಆನಿಸಿಕೊಂಡು, ನುಂಗಲು ಸುಲಭವಾಗಲೆಂದು ಪುಡಿ ಬೆರೆಸಿ ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ಅವನ ಕೆನ್ನೆಯೊಳಗೆ ಇಳಿಸುತ್ತಿದ್ದಳು. ಪ್ರತಿ ಚಮಚಕ್ಕೂ ಅವನ ಗಂಟಲು ಏರಿ ಇಳಿಯುವವರೆಗೆ ಕಾಯುತ್ತಿದ್ದಳು. ಓರ್ನೆಲ್ಲಾ ಗಾಜು ತಟ್ಟಲಿಲ್ಲ.

ನವೆಂಬರ್ ಒಂದು, ರಜೆ; ಮಾರನೆಯ ದಿನ ಸತ್ತವರ ಹಬ್ಬ. ಓರ್ನೆಲ್ಲಾ ಬೆಳಿಗ್ಗೆಯೇ ಕಾರು ತೆಗೆದು ಕಣಿವೆ ಹತ್ತಿದಳು. ಮಗುವನ್ನು ಕರೆತರಲಿಲ್ಲ, ಅದರ ಫೋಟೋ ಕೂಡ ತರಲಿಲ್ಲ. ಹೇಳದೆ ಇದ್ದರೆ ಡೆಲ್ಫೀನಾಳಿಗೆ ಮೋಸ, ಹೇಳಿದರೆ ಹಿಂಸೆ. ಎರಡರಲ್ಲಿ ಹಿಂಸೆಯೇ ವಾಸಿ ಎಂಬಲ್ಲಿಗೆ ಬಂದಿದ್ದಳು, ಅದೂ ಖಾತ್ರಿ ಇರಲಿಲ್ಲ.

ಡೆಲ್ಫೀನಾಳ ಅಡುಗೆಮನೆಯಲ್ಲಿ ಚೆಸ್ಟ್‌ನಟ್ ಬೇಯುವ ವಾಸನೆ ತುಂಬಿತ್ತು. ಗಂಡ ಬತ್ತಿಸ್ತಾ ಸ್ಮಶಾನಕ್ಕೆ ಸೇವಂತಿಗೆ ಹೂ ಒಯ್ದಿದ್ದ. ಮೇಜಿನ ಮೇಲೆ ಎರಡು ಲೋಟ, ಸಿಪ್ಪೆ ಹಾಕುವ ಒಂದು ಬೋಸಿ, ಪಕ್ಕದಲ್ಲಿ ತಾಮ್ರದ ಬಕೆಟ್ಟು, ಅದರಲ್ಲಿ ಅಂಚಿನವರೆಗೂ ನೀರು.

"ಇಷ್ಟು ಬೇಗ ಇಟ್ಟಿದೀಯ?" ಎಂದಳು ಓರ್ನೆಲ್ಲಾ.

"ಈ ವರ್ಷ ಬೇಗ ಬರ್ತಾನೆ ಅಂತ. ಬಿಟ್ರಾ ಅವನನ್ನ?"

"ಇಲ್ಲ."

ಡೆಲ್ಫೀನಾ ಚೆಸ್ಟ್‌ನಟ್ ಸಿಪ್ಪೆಗೆ ಚಾಕು ಹಾಕುತ್ತಿದ್ದವಳು ನಿಲ್ಲಿಸಲಿಲ್ಲ. "ಮತ್ಯಾಕೆ ಬಂದೆ?"

"ಹೇಳೋಕೆ. ಹೇಳಿ ಹೋಗ್ತೀನಿ. ನೀನು ಬೇಡ ಅಂದ್ರೆ ನಾಳೇನೇ ಮುಗಿಸ್ತೀನಿ, ನಾನೇ ಕೈಯಾರೆ. ಯಾರೂ ನಿನ್ನ ಏನೂ ಕೇಳಲ್ಲ." ಓರ್ನೆಲ್ಲಾ ಕುರ್ಚಿ ಎಳೆದು ಕೂತಳು. "ನೊಯೆಮಿಯ ಮದ್ದಿಗೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಅದಕ್ಕೆ ಈವೊ ಬೇಕು."

"ಆ ಬೂಟಿನ ದಾರ ಎಳೆಯೋ ಪಿಶಾಚಿಗಾ?"

"ಅವಳಿಗೇ."

"ಬೇರೆ ಯಾರ ಚರ್ಮಾನೂ ಇಲ್ವಾ?"

"ಇದೆ. ತಯಾರಾಗೋ ಹೊತ್ತಿಗೆ ಅವಳಿಗೆ ಹೊತ್ತು ಮೀರಿರುತ್ತೆ."

ಚಾಕು ನಿಂತಿತು. ಹೊರಗೆ ಯಾರೋ ಮೆಟ್ಟಿಲು ಹತ್ತಿದ ಹಾಗೆ ಸದ್ದಾಯಿತು. ಇಬ್ಬರೂ ಬಾಗಿಲ ಕಡೆಗೆ ನೋಡಿದರು. ಯಾರೂ ಬರಲಿಲ್ಲ.

"ಎಂಥಾ ಹೆಂಗಸೇ ನೀನು," ಎಂದಳು ಡೆಲ್ಫೀನಾ. ದನಿ ಏರಲಿಲ್ಲ. "ಹೋದ ವಾರಾನೇ ಹೇಳಬಹುದಿತ್ತಲ್ಲ. ಆ ಮಗು ನನ್ನ ಕಾಲಡೀಲೇ ಆಡ್ತಿತ್ತು. ಆವಾಗ ಹೇಳಿದ್ರೆ ನಾನು ಆಗಲೇ ಹೂಂ ಅಂದುಬಿಡ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಡೆಲ್ಫೀನಾ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದಲ್ಲಿ ಓರ್ನೆಲ್ಲಾ ಅವಳು ಅತ್ತದ್ದನ್ನು ನೋಡಿರಲಿಲ್ಲ. ಎದ್ದು ಹೋಗಿ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಳ್ಳಲಿಲ್ಲ.

"ಒಂದು ಸಲ ಬಂದು ಹೋಗಿದ್ರೆ ಸಾಕಿತ್ತು," ಎಂದಳು ಡೆಲ್ಫೀನಾ. "ಒಂದು ಬೆರಳಷ್ಟು ಕುಡಿದಿದ್ರೆ ಸಾಕಿತ್ತು ನಂಗೆ."

ಏಪ್ರನ್ನಿಂದ ಮುಖ ಒರೆಸಿಕೊಂಡು ಎದ್ದಳು. ಬಕೆಟ್ಟನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಾಗಿಲಾಚೆ ಹೋಗಿ, ಮೆಟ್ಟಿಲ ಬದಿಯ ಹೂವಿನ ಕುಂಡಗಳಿಗೆ ಪೂರ್ತಿ ಸುರಿದಳು. ಖಾಲಿ ಬಕೆಟ್ಟನ್ನು ಒಳಗೆ ತಂದು ಗೂಟಕ್ಕೆ ನೇತುಹಾಕಿದಳು. ಅಜ್ಜಿಯ ಲೋಟ, ಅಪ್ಪನ ಲೋಟ ಮೇಜಿನ ಮೇಲೆ ಉಳಿದವು.

ಬತ್ತಿಸ್ತಾ ಬಂದಾಗ ಗೂಟದ ಕಡೆ ನೋಡಿದ. "ಬಕೆಟ್ಟು ಇಡ್ಲಿಲ್ವೇನೇ?"

"ಈ ವರ್ಷ ಅವನು ಬರಲ್ಲ," ಎಂದಳು ಡೆಲ್ಫೀನಾ. "ಕೆಲಸ ಇದೆ ಅವನಿಗೆ."

ಆ ಕಣಿವೆಯಲ್ಲಿ ಕೆಲಸವಿದೆ ಎಂದರೆ ಮುಗಿಯಿತು, ಮದುವೆಗೆ ಬರದಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬತ್ತಿಸ್ತಾ ಓರ್ನೆಲ್ಲಾಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಟೋಪಿ ತೆಗೆದು ಕೂತ. ಮೂವರೂ ಚೆಸ್ಟ್‌ನಟ್ ತಿಂದರು. ಓರ್ನೆಲ್ಲಾ ಹೊರಡುವಾಗ ಡೆಲ್ಫೀನಾ ಕಾರಿನ ಕಿಟಕಿಗೆ ಬಗ್ಗಿ ಕೇಳಿದಳು, "ಅವನಿಗೆ ಕುಡಿಸೋದು ತಣ್ಣಗಿರುತ್ತಾ?"

"ಇಲ್ಲ. ಮೈಯ ಬಿಸಿಯಷ್ಟು ಬೆಚ್ಚಗೆ ಮಾಡಿ ಕೊಡ್ತೀವಿ."

"ಈ ಸಲ ನಾನು ಕೊಡ್ತೀನಿ."

ಮುಂದಿನ ವಾರ ಕೊಳವೆಯನ್ನು ಚಳಿಯಿಂದ ತೆಗೆದರು. ಮೊದಲೆರಡು ದಿನ ಈವೊ ಬಟ್ಟಲಿನ ತಳಕ್ಕೆ ಅಂಟಿಕೊಳ್ಳಲೇ ಇಲ್ಲ. ಮುದಿ ಕೋಶಗಳು, ತೇಲಾಡುತ್ತಿದ್ದವು; ಅಂಟದ ಕೋಶ ಬದುಕುವುದಿಲ್ಲ. ಲುಡೊವೀಕಾ ಉಗುರು ಕಚ್ಚಿಕೊಂಡು ಓಡಾಡಿದಳು. ಡೆಲ್ಫೀನಾ ನೀಲಿ ನಿಲುವಂಗಿ ತೊಟ್ಟು, ಕೈಗವಸು ಹಾಕಿಕೊಂಡು, ಓರ್ನೆಲ್ಲಾಳ ಪಕ್ಕದಲ್ಲಿ ಕೂತಳು.

"ನೇರ ಅವನ ಮೇಲೆ ಸುರೀಬೇಡ," ಎಂದಳು ಓರ್ನೆಲ್ಲಾ. "ಕೋಶ ತಳದಿಂದ ಎದ್ದುಬಿಡ್ತಾವೆ. ಬಟ್ಟಲಿನ ಗೋಡೆಗೆ ತಾಗಿಸಿ ಇಳಿಸು."

"ನಂಗೇ ಹೇಳಿಕೊಡ್ತೀಯಾ? ಕೆನ್ನೆಗೆ ಇಳಿಸೋದು, ಗಂಟಲಿಗಲ್ಲ." ಗುಲಾಬಿ ದ್ರವ ಗೋಡೆಗುಂಟ ಮೆಲ್ಲಗೆ ಇಳಿಯಿತು. ಅವಳು ಬಟ್ಟಲಿನ ಮೇಲೆ ಬಗ್ಗಿ ಕಣಿವೆಯ ಮಾತಿನಲ್ಲಿ ಏನೋ ಹೇಳಿದಳು. ಓರ್ನೆಲ್ಲಾಳಿಗೆ ಅರ್ಥವಾಯಿತು, ಆಗದವಳ ಹಾಗೆ ಇದ್ದಳು.

ಮೂರನೆಯ ದಿನ ಕೋಶಗಳು ತಳಕ್ಕೆ ಅಂಟಿಕೊಂಡು ಒಂದೇ ಕಡೆಗೆ ಮಲಗಿದ್ದವು. ಕೆಲವು ಸಲ ಹಾಗಾಗುತ್ತದೆ. ಅದಕ್ಕೆ ಕಾರಣ ಹುಡುಕಲು ಓರ್ನೆಲ್ಲಾ ಹೋಗಲಿಲ್ಲ.

ಫಲಿತಾಂಶದ ದಿನ ಸಂಜೆ ಲುಡೊವೀಕಾ ಬಾಗಿಲು ತೆರೆದಳು. ಕಾರಿಡಾರಿನಲ್ಲಿ ಡೆಲ್ಫೀನಾ ನಿಂತಿದ್ದಳು. 

"ಮಾದರಿ ಹದಿನೇಳು," ಎಂದಳು ಹುಡುಗಿ, ಬಾಟಲಿಯ ಮೇಲಿನ ಅಂಕಿ ಹಿಡಿದು. "ಸರಿ ಬಂದಿದೆ. ನೊಯೆಮಿಗೆ ಕೊಡಬಹುದು."

"ಹಾಗಲ್ಲಮ್ಮ," ಎಂದಳು ಡೆಲ್ಫೀನಾ. "ಹೋದ ಸಲ ಹೇಳಿದ್ಯಲ್ಲ, ಹಾಗೆ ಹೇಳು."

ಲುಡೊವೀಕಾ ಓರ್ನೆಲ್ಲಾಳ ಕಡೆ ನೋಡಿದಳು. ಓರ್ನೆಲ್ಲಾ ತಲೆಯಾಡಿಸಿದಳು.

"ಈವೊ ವಾಸಿಯಾಗಿದಾನೆ, ಸಿನ್ಯೋರಾ. ಪೂರ್ತಿ."

 ಡೆಲ್ಫೀನಾ ಓರ್ನೆಲ್ಲಾಳ ಕಡೆ ತಿರುಗಿ ಕೇಳಿದಳು, "ಬ್ಲೀಚ್ ಹಾಕೋದು ಯಾವಾಗ?"

"ನಾಳೆ ಬೆಳಿಗ್ಗೆ."

"ಹಾಗಾದ್ರೆ ಇವತ್ತು ರಾತ್ರಿ ಪೂರ್ತಿ ಅವನು ಚೆನ್ನಾಗಿರ್ತಾನೆ."

ಅವಳು ಒಳಗೆ ಹೋಗಿ, ಸ್ಟೂಲನ್ನು ಬೆಚ್ಚನೆಯ ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು, ಕೋಟನ್ನು ಮಡಿಲಲ್ಲಿಟ್ಟು ಕೂತಳು. ಹೊರಗಿನವರು ಸಂಜೆಯ ಮೇಲೆ ಅಲ್ಲಿರಬಾರದೆಂಬ ನಿಯಮವಿದೆ. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ.